ದುಡಿಮೆಯ ಶಿರಸ್ತ್ರಾಣ

ಬಂಗಾರಪೇಟೆಯ ರೈಲು ನಿಲ್ದಾಣದಿಂದ ಒಂದು ಚಿಕ್ಕ ಕವಲುದಾರಿ ಆಗ್ನೇಯಕ್ಕೆ ಹೊರಡುತ್ತದೆ. ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಅದು ಮಾರಿಕುಪ್ಪದಲ್ಲಿ ಕೊನೆಗೊಳ್ಳುತ್ತದೆ. ೧೮೯೪ರಲ್ಲಿ ಈ ದಾರಿಯನ್ನು ತೆರೆದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿ ಕೈಹಾಕಿತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಈ ನಡುವಿನ ಕಾಲದಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿ, ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿತು. ಅಲ್ಲಿಂದ ಮೇಲೆ ಬಂದ ಚಿನ್ನದ ಕಥೆಯನ್ನು ಹೇಳುವವರು ಅನೇಕರು. ಆ ಚಿನ್ನವನ್ನು ಅಗೆದವರ ತಲೆಯ ಮೇಲಿದ್ದ ಟೋಪಿಯ ಕಥೆಯನ್ನು ಹೇಳುವವರು ವಿರಳ.

ಭೂಮಿಯ ಆಳಕ್ಕೆ ಇಳಿದಂತೆಲ್ಲ ಶಾಖ ಹೆಚ್ಚುತ್ತದೆ. ಕೋಲಾರದ ಗಣಿಗಳ ತೀರ ಕೆಳಗಿನ ಮಟ್ಟಗಳಲ್ಲಿ ಬಂಡೆಯ ಉಷ್ಣತೆ ೬೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತ್ತು. ಯಂತ್ರಗಳಿಂದ ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಕಳುಹಿಸದೆ ಅಲ್ಲಿ ಮನುಷ್ಯನು ಕೆಲಸ ಮಾಡುವುದು ಸಾಧ್ಯವಿರಲಿಲ್ಲ. ಬಂಡೆಯನ್ನು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಅದನ್ನು ಅಡಗಿಸಲು ನೀರು ಹಾಯಿಸಬೇಕು. ನೀರು ಹಾಯಿಸಿದರೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಒಂದು ಕೇಡನ್ನು ತಡೆಯಹೋದರೆ ಇನ್ನೊಂದು ಕಷ್ಟ ಎದುರಾಗುತ್ತಿತ್ತು.

ಬೆವರು ದೇಹವನ್ನು ತಂಪಾಗಿಡುವ ಉಪಾಯ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ, ಸುಮಾರು ೫೮೦ ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಗಾಳಿಯಲ್ಲಿ ತೇವ ಆಗಲೇ ತುಂಬಿದ್ದರೆ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ದೇಹಕ್ಕೆ ತಂಪೂ ಇಲ್ಲ, ಬಟ್ಟೆ ಒಣಗುವುದೂ ಇಲ್ಲ. ಸುರಂಗದಲ್ಲಿ ನಡೆಯುವ ಈ ವ್ಯಾಪಾರವೇ ಶಿರಸ್ತ್ರಾಣದ ಒಳಗೂ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ಗಟ್ಟಿ ಚಿಪ್ಪಿನ ಕೆಳಗೆ ಗಾಳಿಯಾಡಲು ಎಡೆ ಕಡಿಮೆ. ನೆತ್ತಿ ಬೆವರುತ್ತಲೇ ಇರುತ್ತದೆ. ಬಿಸಿಲಿನಲ್ಲಿ ಕಟ್ಟಡದ ಸಾರುವೆಯ ಮೇಲೆ ನಿಂತವನಿಗೂ, ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನಿಗೂ ಇದೇ ಅನುಭವ.

ಶಿರಸ್ತ್ರಾಣವು ಇಂದಿನ ರೂಪವನ್ನು ತಾಳಿದ್ದು ಬಹಳ ಹಿಂದೆಯೇನಲ್ಲ. ಕೋಲಾರದ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ನುರಿತ ಗಣಿಗಾರರು ಬಂದಿದ್ದರು. ಅವರ ನಾಡಿನಲ್ಲಿ ಉಣ್ಣೆಯ ದಪ್ಪ ಟೋಪಿಗೆ ರಾಳ ಬಳಿದು ಗಟ್ಟಿಮಾಡಿ ಧರಿಸುವ ರೂಢಿಯಿತ್ತು. ಅದರ ಮುಂಭಾಗಕ್ಕೆ ಜೇಡಿಮಣ್ಣಿನ ಮುದ್ದೆಯಿಂದ ಮೇಣದಬತ್ತಿಯನ್ನು ಅಂಟಿಸಿಕೊಳ್ಳುತ್ತಿದ್ದರು. ೧೯೧೯ರಲ್ಲಿ ಅಮೆರಿಕದ ಬುಲಾರ್ಡ್ ಕಂಪೆನಿಯು ಹಬೆಯಲ್ಲಿ ಹದಗೊಳಿಸಿದ ಕ್ಯಾನ್ವಾಸಿಗೆ ಅಂಟು ಸೇರಿಸಿ, ಕಪ್ಪು ಬಣ್ಣ ಬಳಿದ ಗಟ್ಟಿ ಟೋಪಿಯನ್ನು ತಯಾರಿಸಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಧರಿಸಿದ ಉಕ್ಕಿನ ಟೋಪಿಯೇ ಇದಕ್ಕೆ ಪ್ರೇರಣೆ. ಆಮೇಲೆ ಅಲ್ಯುಮಿನಿಯಂ ಬಂತು, ಗಾಜಿನ ನಾರು ಬಂತು, ಕೊನೆಗೆ ಪ್ಲಾಸ್ಟಿಕ್ ಬಂತು. ಮೇಣದಬತ್ತಿಯ ಜಾಗಕ್ಕೆ ಕಾರ್ಬೈಡ್ ದೀಪ, ಅನಂತರ ಸೊಂಟದ ಬ್ಯಾಟರಿಯಿಂದ ಉರಿಯುವ ವಿದ್ಯುದ್ದೀಪ ಬಂದಿತು.

ಇಂದಿನ ಶಿರಸ್ತ್ರಾಣದಲ್ಲಿ ಹೊರಗೆ ಕಾಣುವುದು ಚಿಪ್ಪು ಮಾತ್ರ. ನಿಜವಾದ ಜಾಣ್ಮೆ ಇರುವುದು ಒಳಗಿನ ಪಟ್ಟಿಗಳ ಜಾಲದಲ್ಲಿ. ಅದು ಚಿಪ್ಪನ್ನು ತಲೆಗೆ ತಾಗದಂತೆ ಮೇಲೆತ್ತಿ ಹಿಡಿಯುತ್ತದೆ. ಮೇಲಿನಿಂದ ಕಲ್ಲು ಬಿದ್ದಾಗ ಪಟ್ಟಿಗಳು ಹಿಗ್ಗಿ ಹೊಡೆತದ ಬಲವನ್ನು ಹಂಚಿಕೊಳ್ಳುತ್ತವೆ. ಚಿಪ್ಪಿಗೂ ನೆತ್ತಿಗೂ ನಡುವಿನ ಈ ಬಿಡುವೇ ಪ್ರಾಣರಕ್ಷಕ. ಅದೇ ತಲೆಗೆ ಗಾಳಿಯಾಡುವ ದಾರಿಯೂ ಹೌದು. ಬೀಡಿಯ ಕಟ್ಟು, ಕೈಗವಸು, ಮಡಿಸಿದ ಟವೆಲು ಮುಂತಾದುವನ್ನು ಅಲ್ಲಿ ತುರುಕಿಟ್ಟುಕೊಳ್ಳುವವರು ಎರಡು ಪ್ರಯೋಜನಗಳನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಹಣೆಗೆ ತಾಗುವ ಭಾಗದಲ್ಲಿ ಬಟ್ಟೆಯದೋ ಸ್ಪಂಜಿನದೋ ಒಂದು ಬೆವರುಪಟ್ಟಿ ಇರುತ್ತದೆ. ದುರ್ಗಂಧದ ತವರು ಇದೇ.

ಬೆವರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ಉಳಿದದ್ದು ಉಪ್ಪು ಮತ್ತಿತರ ವಸ್ತುಗಳು. ಹೊಸದಾಗಿ ಹನಿಯುವ ಬೆವರಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ನೆತ್ತಿಯ ಚರ್ಮದಿಂದ ಒಸರುವ ಜಿಡ್ಡು, ಉದುರಿದ ಹೊಟ್ಟು, ಧೂಳು ಇವೆಲ್ಲ ಬೆವರುಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ಆ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಹುಲುಸಾಗಿ ಬೆಳೆಯುತ್ತವೆ. ಬ್ಯಾಕ್ಟೀರಿಯಾಗಳು ಬೆವರು ಜಿಡ್ಡುಗಳನ್ನು ಒಡೆದು ಉಂಟುಮಾಡುವ ಆಮ್ಲಗಳೇ ಮೂಗಿಗೆ ಬಡಿಯುವ ಹುಳಿವಾಸನೆ. ಆದುದರಿಂದ ದುರ್ಗಂಧಕ್ಕಾಗಿ ದುಡಿಯುವವನ ದೇಹವನ್ನು ಹಳಿಯುವುದು ಅನ್ಯಾಯ. ವಾಸನೆ ಬೆವರಿನದಲ್ಲ, ತೊಳೆಯದೆ ಉಳಿದುದರದು.

ಇದನ್ನು ಕೇವಲ ಮೂಗಿನ ಪ್ರಶ್ನೆಯೆಂದು ತಳ್ಳಿಹಾಕಲಾಗದು. ಬೆವರು ಆರಿದ ಮೇಲೆ ಉಪ್ಪು ಪಟ್ಟಿಯಲ್ಲಿ ಬಿಳಿಯ ಗೆರೆಯಾಗಿ ನಿಲ್ಲುತ್ತದೆ. ಬಟ್ಟೆ ಗಡುಸಾಗಿ ಹಣೆಯನ್ನು ಉಜ್ಜುತ್ತದೆ; ತುರಿಕೆ, ಗುಳ್ಳೆ ಏಳುತ್ತವೆ. ಒಂದೇ ಟೋಪಿಯನ್ನು ಪಾಳಿಯಿಂದ ಪಾಳಿಗೆ ಹಲವರು ಧರಿಸಿದರೆ ಹೇನು, ಹುಳುಕಡ್ಡಿಗಳು ತಲೆಯಿಂದ ತಲೆಗೆ ದಾಟಬಹುದು. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ, ನಾರುವ, ತುರಿಸುವ ಟೋಪಿಯನ್ನು ಕೆಲಸಗಾರನು ಮತ್ತೆ ಮತ್ತೆ ತೆಗೆದಿಡುತ್ತಾನೆ. ಬೀಳುವ ಕಲ್ಲು ಟೋಪಿ ತಲೆಯ ಮೇಲಿರುವ ಗಳಿಗೆಯನ್ನೇ ನೋಡಿ ಬೀಳುವುದಿಲ್ಲ. ಭೂಭಾರದ ಒತ್ತಡಕ್ಕೆ ಬಂಡೆಗಳು ತಾವಾಗಿಯೇ ಸಿಡಿಯುವ ಅವಘಡಕ್ಕೆ ಕೋಲಾರದ ಗಣಿಗಳು ಕುಖ್ಯಾತವಾಗಿದ್ದವು.

ತೊಳೆಯುವ ಕ್ರಮ ಕಷ್ಟವಾದುದಲ್ಲ. ಮೊದಲು ಒಳಜಾಲವನ್ನೂ ಬೆವರುಪಟ್ಟಿಯನ್ನೂ ಚಿಪ್ಪಿನಿಂದ ಬಿಡಿಸಬೇಕು. ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನನ್ನು ಕದಡಿ, ಪಟ್ಟಿಗಳನ್ನು ಸ್ವಲ್ಪ ಹೊತ್ತು ನೆನೆಸಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆಗಳ ಸಂದುಗಳಲ್ಲಿ ತಿಕ್ಕಬೇಕು. ಚಿಪ್ಪಿನ ಒಳಹೊರಗನ್ನು ಬಟ್ಟೆಯಿಂದ ತೊಳೆದರೆ ಸಾಕು. ಕೋಲಾರ ಜಿಲ್ಲೆಯಲ್ಲಿ ಒಂದು ತೊಡಕುಂಟು. ಇಲ್ಲಿನ ಕೊಳವೆಬಾವಿಗಳ ನೀರು ಹಲವೆಡೆ ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ನೊರೆಯ ಬದಲು ಗಸಿಯನ್ನು ಉಂಟುಮಾಡುತ್ತವೆ. ಆ ಗಸಿ ಪಟ್ಟಿಗೆ ಅಂಟಿ ಹೊಸ ಕೊಳೆಯಾಗುತ್ತದೆ. ಅಂಥಲ್ಲಿ ಪಾತ್ರೆ ತೊಳೆಯುವ ಸೌಮ್ಯ ದ್ರಾವಣವನ್ನು ಕೆಲವೇ ಹನಿ ಬಳಸುವುದು ಒಳ್ಳೆಯದು. ಎರಡು ಸಲ ಶುದ್ಧ ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ನೀರಿಗೆ ಬರವಿರುವ ಊರಿನಲ್ಲಿ ಇಷ್ಟಕ್ಕೆ ಅರ್ಧ ಬಕೆಟ್ಟಿಗಿಂತ ಹೆಚ್ಚು ಬೇಕಾಗದು. ವಾರಕ್ಕೊಮ್ಮೆ ಹೀಗೆ ತೊಳೆದು, ದಿನವೂ ಕೆಲಸ ಮುಗಿದೊಡನೆ ಪಟ್ಟಿಯನ್ನು ಒರಸಿ, ಟೋಪಿಯನ್ನು ಚೀಲದೊಳಗೆ ಅದುಮದೆ ಗಾಳಿಗೆ ತೂಗುಹಾಕಿದರೆ ವಾಸನೆ ಹತ್ತಿರ ಸುಳಿಯದು. ತಲೆಗೆ ತೆಳುವಾದ ಹತ್ತಿಯ ವಸ್ತ್ರವನ್ನು ಸುಕ್ಕಿಲ್ಲದಂತೆ ಕಟ್ಟಿ, ಮೇಲೆ ಟೋಪಿ ಧರಿಸುವುದೂ ಉಂಟು. ಅದನ್ನು ದಿನವೂ ಒಗೆಯಬೇಕು, ಗಂಟು ಚಿಪ್ಪಿನ ಒಳಗೆ ಬರಬಾರದು.

ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಸೂಕ್ಷ್ಮಾಣುಗಳು ಸಾಯುತ್ತವಲ್ಲವೇ ಎಂಬ ಸಂದೇಹ ಸಹಜ. ಹಾಸಿಗೆ ಹೊದಿಕೆಗಳಿಗೆ ಈ ಮಾತು ಸಲ್ಲುತ್ತದೆ. ಆದರೆ ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ಕತ್ತರಿಸಿ ಅದನ್ನು ಪೆಡಸು ಮಾಡುತ್ತವೆ. ಕೆಲಸದ ಬಿಸಿಲೇ ಅದಕ್ಕೆ ಸಾಕಷ್ಟಾಗಿರುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಬಣ್ಣ ತೆಳುಮಾಡುವ ದ್ರವ ಇವುಗಳಿಂದ ಗ್ರೀಸಿನ ಕಲೆ ಬೇಗ ಹೋಗುತ್ತದೆಂಬುದು ನಿಜ. ಆದರೆ ಅವು ಚಿಪ್ಪಿನ ಬಲವನ್ನೂ ಕುಗ್ಗಿಸುತ್ತವೆ, ಮತ್ತು ಆ ಹಾನಿ ಕಣ್ಣಿಗೆ ಕಾಣುವುದಿಲ್ಲ. ಟೋಪಿ ಫಳಫಳ ಹೊಳೆಯುತ್ತಿರುವಾಗಲೇ ದುರ್ಬಲವಾಗಿರಬಹುದು. ಸುಗಂಧದ್ರವ್ಯ ಸಿಂಪಡಿಸುವುದಂತೂ ಕೊಳೆಯ ಮೇಲೆ ಹೂ ಮುಚ್ಚಿದಂತೆ.

ತೊಳೆಯುವ ಹೊತ್ತೇ ಪರೀಕ್ಷೆಯ ಹೊತ್ತು. ಕೊಳೆ ಮೆತ್ತಿದ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು ಕಾಣದು, ತೊಳೆದಾಗ ಕಾಣುತ್ತದೆ. ಪಟ್ಟಿಯ ನೂಲು ಸವೆದಿದೆಯೇ, ಕೊಂಡಿಗಳು ಸಡಿಲವಾಗಿವೆಯೇ, ಚಿಪ್ಪು ಬಣ್ಣಗೆಟ್ಟು ಸುಣ್ಣದಂತೆ ಪುಡಿ ಬಿಡುತ್ತಿದೆಯೇ ಎಂಬುದನ್ನೆಲ್ಲ ಆಗಲೇ ನೋಡಬೇಕು. ಒಮ್ಮೆ ಬಲವಾದ ಏಟು ತಿಂದ ಶಿರಸ್ತ್ರಾಣವನ್ನು, ಮೇಲೆ ಗುರುತಿಲ್ಲದಿದ್ದರೂ, ಮತ್ತೆ ಬಳಸುವಂತಿಲ್ಲ.

ಗಣಿಗಳು ಮುಚ್ಚಿದ ಮೇಲೂ ಈ ಊರಿನವರ ತಲೆಯಿಂದ ಟೋಪಿ ಇಳಿದಿಲ್ಲ. ೧೯೬೪ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಕಾರ್ಖಾನೆ ಇಲ್ಲಿದೆ. ಮಾರಿಕುಪ್ಪ, ಬಂಗಾರಪೇಟೆಗಳ ರೈಲುಗಳಲ್ಲಿ ಸಾವಿರಾರು ಜನ ನಸುಕಿನಲ್ಲೇ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರಲ್ಲಿ ಕಟ್ಟಡ ಕೆಲಸದವರೂ ಇದ್ದಾರೆ. ಕೈಗಾರಿಕಾ ಶಿರಸ್ತ್ರಾಣಗಳಿಗೆ ಭಾರತದಲ್ಲಿ ಐಎಸ್ ೨೯೨೫ ಎಂಬ ಮಾನಕವಿದೆ. ಕೊಳ್ಳುವಾಗ ಆ ಗುರುತನ್ನು ನೋಡಬೇಕು. ಚಿಪ್ಪಿನ ಒಳಮೈಯಲ್ಲಿ ತಯಾರಾದ ತಿಂಗಳು, ವರ್ಷಗಳನ್ನು ಅಚ್ಚೊತ್ತಿರುತ್ತಾರೆ. ಒಳಜಾಲವನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಸುಮಾರು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಅನೇಕ ತಯಾರಕರು ಸೂಚಿಸುತ್ತಾರೆ. ಬೆವರುಪಟ್ಟಿ ಇನ್ನೂ ಬೇಗ ಸವೆಯುತ್ತದೆ. ಬದಲಾಯಿಸಿದ ಹಳೆಯ ಚಿಪ್ಪನ್ನು ಇಡಿಯಾಗಿ ಎಸೆಯದೆ ಕತ್ತರಿಸಿ ಹಾಕಬೇಕು. ಇಲ್ಲವಾದರೆ ಯಾರಾದರೂ ಎತ್ತಿಕೊಂಡು, ತೊಳೆದು, ಮಾರನೆಯ ದಿನ ತಲೆಗಿಟ್ಟುಕೊಂಡಾರು.