ಅಜ್ಜನ ಕಾರಿಗೆ ಬಂದ ಕಾಗದ

ಕಳೆದ ಮಳೆಗಾಲದಲ್ಲಿ ಕಾರು ಕಂಪನಿಯಿಂದ ಕಾಗದ ಬಂತು: ಮುಂದಿನ ಸೀಟಿನ ಏರ್‌ಬ್ಯಾಗ್‌ನಲ್ಲಿ ದೋಷವಿದೆ, ಬದಲಿಸಿಕೊಡುತ್ತೇವೆ, ದುಡ್ಡು ಬೇಡ. ಬಿಟ್ಟಿ ಎಂದರೆ ನನಗೆ ಗುಮಾನಿ. ಪಂಚಾಂಗದ ಅಡಿಗೆ ತುರುಕಿದೆ. ಏಳನೇ ತರಗತಿಯ ಮೊಮ್ಮಗಳು ಅದನ್ನು ಹೊರಗೆಳೆದಳು. "ಅಜ್ಜಾ, ಆ ಸೀಟಿನಲ್ಲಿ ಕೂರುವುದು ಅಜ್ಜಿ ಅಲ್ವಾ?"

ಇಬ್ಬರೂ ಕಾರಿನ ಚಾಸಿ ನಂಬರ್ ಹುಡುಕಿದೆವು. ಅಕ್ಷರ, ಅಂಕಿ ಸೇರಿ 17. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ; ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದಲ್ಲ! ಕಾಗದದಲ್ಲಿದ್ದುದೂ ಅದೇ ನಂಬರು.

ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಬಿಡಿಸಿ ಹೇಳಿದರು. ಡಿಕ್ಕಿಯಾದಾಗ ಏರ್‌ಬ್ಯಾಗನ್ನು ಉಬ್ಬಿಸುವುದು ಲೋಹದ ಡಬ್ಬಿಯೊಳಗಿನ ರಾಸಾಯನಿಕ. ನಮ್ಮದರಲ್ಲಿದ್ದದ್ದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಸೆಕೆ, ತೇವ ತಾಗಿದರೆ ಅದು ಕೆಡುತ್ತದೆ. ಆಮೇಲೆ ಹೊತ್ತಿಕೊಂಡಾಗ ಡಬ್ಬಿಯೇ ಸಿಡಿದು, ಲೋಹದ ಚೂರುಗಳು ಕೂತವರಿಗೆ ಬಡಿಯಬಹುದು. ಕರಾವಳಿಯ ನಮ್ಮ ಮನೆಯಲ್ಲಿ ಭರಣಿಯ ಉಪ್ಪೇ ನೀರಾಗುತ್ತದೆ, ಇನ್ನು ಇದು!

ಹೀಗೆ ವಾಹನ ವಾಪಸು ಕರೆಸಿ ಸರಿಪಡಿಸಲು ಕಂಪನಿಗೆ ಆಜ್ಞೆ ಮಾಡುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಮ್ಮ ಕಾರನ್ನು ಕಂಪನಿಯೇ ತಾನಾಗಿ ಕರೆದಿತ್ತು.

ಹೊಸ ಭಾಗ ಬರಲು ಹದಿನೈದು ದಿನ. ಅಲ್ಲಿಯವರೆಗೆ ಅಜ್ಜಿಗೆ ಹಿಂದಿನ ಸೀಟು. ಜೋಡಿಸಲು ಒಂದೇ ಮಧ್ಯಾಹ್ನ ಸಾಕಾಯಿತು, ಬಿಲ್ಲಿನಲ್ಲಿ ಸೊನ್ನೆ. ಮೊಮ್ಮಗಳೀಗ ಪಂಚಾಂಗದ ಅಡಿ ಇನ್ನೇನೇನಿದೆ ಎಂದು ಹುಡುಕುತ್ತಿದ್ದಾಳೆ.