ಹೂಬತ್ತಿಯ ಗಿಡ

ಮೇ ತಿಂಗಳ ನಡುವಿನ ಒಂದು ಶನಿವಾರ. ಮಳೆ ಸುರಿಯುತ್ತಿತ್ತು ಅನ್ನುವುದಕ್ಕಿಂತ ಯಾರೋ ಮೇಲಿಂದ ಜರಡಿ ಹಿಡಿದಿದ್ದರು ಅನ್ನಬೇಕು. ಸಿಯಾಟಲ್ಲಿನ ಮಳೆಯೇ ಹೀಗೆ. ಅರ್ಧ ಗಂಟೆ ನಿಂತರೂ ಕೂದಲ ಮೇಲೆ ರವೆ ಚೆಲ್ಲಿದ ಹಾಗೆ ಕೂತಿರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ನಮ್ಮೂರು ಸಾಗರದ ಆಷಾಢ ಕಂಡ ಅಮ್ಮ ಇದನ್ನು ಮಳೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಸೀರೆಯ ಮೇಲೆ ನನ್ನ ಹಳೆಯ ರೇನ್‌ಕೋಟು, ಕಾಲಿಗೆ ಮೊಮ್ಮಗನ ಗಂಬೂಟು. ಕೊಡೆ ಕಾರಿನಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಅವಳು ಕಿಟಕಿಯ ಗಾಜಿಗೆ ಮೂಗು ತಾಗಿಸಿ ಕೂತಿದ್ದಳು. ಬಾತೆಲ್‌ನ ನಮ್ಮ ಮನೆಯಿಂದ ನರ್ಸರಿಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ರೋಡೋಡೆಂಡ್ರಾನ್ ಇಲ್ಲದ ಅಂಗಳ ಕಂಡದ್ದು ಎರಡೋ ಮೂರೋ. ಹಳೆಯ ಮನೆಗಳ ಮುಂದೆ ಸೂರಿನೆತ್ತರಕ್ಕೆ ಎದ್ದು ನಿಂತವು, ಹೊಸ ಮನೆಗಳ ಮುಂದೆ ಮೊಣಕಾಲೆತ್ತರದವು, ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಹೊಗೆ ಕುಡಿಯುತ್ತ ನಿಂತವು. ಕುಂಕುಮ, ನೇರಳೆ, ಕೆನೆ, ಗುಲಾಬಿ. ಎಲೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಹೂ. ತೇರಿಗೆ ಹೂವಿನ ಚೆಂಡು ಕಟ್ಟಿದ ಹಾಗೆ, ಪ್ರತಿ ಕೊಂಬೆಯ ತುದಿಗೂ ಒಂದೊಂದು ಗೊಂಚಲು.

"ಒಂದನ್ನೂ ಯಾರೂ ಕೊಯ್ದಿಲ್ಲವಲ್ಲೇ!"

ಬೆಳಗಿನ ಆರು ಗಂಟೆಯೊಳಗೆ ಬೇಲಿಯಾಚೆ ಬಾಗಿದ ದಾಸವಾಳವೆಲ್ಲ ಮಾಯವಾಗುವ ಬೀದಿಯಿಂದ ಬಂದವಳು ಅಮ್ಮ. ಅವಳ ಅಚ್ಚರಿ ಸಹಜವೇ.

ವಾಷಿಂಗ್ಟನ್ ರಾಜ್ಯದ ಹೂ ಇದು. ಆ ಆಯ್ಕೆಯ ಹಿಂದಿನ ಕಥೆ ನನಗಿಷ್ಟ. 1892ರ ಮಾತು. ಮರುವರ್ಷ ಷಿಕಾಗೋದಲ್ಲಿ ನಡೆಯಲಿದ್ದ ವಿಶ್ವಮೇಳಕ್ಕೆ ರಾಜ್ಯದ್ದೊಂದು ಹೂ ಬೇಕಿತ್ತು. ಇಲ್ಲಿನ ಹೆಂಗಸರು ವೋಟು ಹಾಕಿ ಕಾಡಿನ ರೋಡೋಡೆಂಡ್ರಾನನ್ನು ಗೆಲ್ಲಿಸಿದರು. ಚುನಾವಣೆಯಲ್ಲಿ ಅವರಿಗೆ ಮತ ಹಾಕುವ ಹಕ್ಕು ಶಾಶ್ವತವಾಗಿ ಸಿಕ್ಕಿದ್ದು 1910ರಲ್ಲಿ. ಅಂದರೆ ಹೂವಿಗೆ ವೋಟು ಹಾಕಿದ ಹದಿನೆಂಟು ವರ್ಷಗಳ ನಂತರ.

ನರ್ಸರಿಯಲ್ಲಿ ಕಾಲಿಟ್ಟರೆ ಬಣ್ಣದ ಸಂತೆ. ಎತ್ತರದ ಫರ್ ಮರಗಳ ಕೆಳಗೆ ತೊಗಟೆಪುಡಿ ಹಾಸಿದ ಓಣಿಗಳು, ಎರಡೂ ಕಡೆ ಸಾಲಾಗಿ ಕಪ್ಪು ಪ್ಲಾಸ್ಟಿಕ್ ಕುಂಡಗಳು. ಎಲ್ಲಕ್ಕೂ ಒಂದೊಂದು ಚೀಟಿ. ಜನ ಚೀಟಿಯ ಮೇಲಿನ ಫೋಟೋ ನೋಡುತ್ತಾರೆ. ನೋಡಬೇಕಾದದ್ದು ಫೋಟೋದ ಕೆಳಗಿನ ಸಣ್ಣಕ್ಷರ: ಎಷ್ಟು ಚಳಿ ತಡೆಯುತ್ತದೆ, ಯಾವ ತಿಂಗಳು ಹೂ, ಹತ್ತು ವರ್ಷಕ್ಕೆ ಎಷ್ಟೆತ್ತರ. ಈ ಮೂರನೆಯದನ್ನು ಓದದೆ ನಾನು ಕೆಟ್ಟಿದ್ದೇನೆ. ಆರು ವರ್ಷದ ಕೆಳಗೆ ಮನೆ ಕೊಂಡ ಹೊಸತರಲ್ಲಿ, ದೊಡ್ಡ ಅಂಗಡಿಯೊಂದರ ಬಾಗಿಲಲ್ಲೇ ಮೈತುಂಬ ಹೂ ಹೊತ್ತು ನಿಂತಿದ್ದ ಗಿಡವೊಂದನ್ನು ತಂದು ಕಿಟಕಿಯ ಕೆಳಗೆ ನೆಟ್ಟೆ. ಹೆಸರು 'ಅನಾ ರೋಸ್ ವಿಟ್ನಿ'. ಆಮೇಲೆ ಗೊತ್ತಾಯಿತು, ಅದು ಕಿಟಕಿಯನ್ನೇ ನುಂಗಿ ಮೇಲೇಳುವ ಆಳು. ಆದರೆ ಆ ತೊಂದರೆ ಕೊಡುವಷ್ಟು ದಿನ ಅದು ಬದುಕಲೇ ಇಲ್ಲ. ಅಡಿಕೆ ಸಸಿಗೆ ತೋಡುವ ಹಾಗೆ ಗುಂಡಿ ತೋಡಿ ಬುಡ ಮುಚ್ಚಿ ನೆಟ್ಟಿದ್ದೆ. ಚಳಿಗಾಲದ ನೀರು ಗುಂಡಿಯಲ್ಲೇ ನಿಂತು ಬೇರು ಕೊಳೆತು, ಎರಡನೆಯ ಬೇಸಿಗೆಗೆ ಎಲೆ ಸುರುಳಿ ಸುತ್ತಿ ಹೋಗಿಬಿಟ್ಟಿತು.

ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕೈಯಲ್ಲಿ ಕತ್ತರಿ ಹಿಡಿದು ಬಂದಳು. ಎಲ್ಲರ ಹಾಗೆ ಅವಳೂ ಈ ಗಿಡಗಳನ್ನು ಮುದ್ದಿನಿಂದ 'ರೋಡಿ' ಅನ್ನುವವಳು. ನಮಗೆ ಬೇಕಾದದ್ದು ಮೂರು ಗಿಡ: ಮೆಟ್ಟಿಲ ಪಕ್ಕಕ್ಕೆ, ಪಶ್ಚಿಮದ ಬೇಲಿಯ ಮೂಲೆಗೆ, ಕಿಟಕಿಯ ಕೆಳಗೆ. ಯಾವ ಬಣ್ಣ ಬೇಕು ಅಂತ ಅವಳು ಕೇಳಲಿಲ್ಲ. ಮಧ್ಯಾಹ್ನದ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ? ಕಿಟಕಿಯ ದಂಡೆ ನೆಲದಿಂದ ಎಷ್ಟೆತ್ತರ? ಈ ಎರಡೇ ಪ್ರಶ್ನೆ. ಉತ್ತರ ಹೇಳಿದ ಮೇಲೆ ನಮ್ಮನ್ನು ಓಣಿಗೆ ಬಿಟ್ಟು ತನ್ನ ಕೆಲಸಕ್ಕೆ ಹೋದಳು.

ಅಮ್ಮನ ಪರೀಕ್ಷೆಯೇ ಬೇರೆ. ಪ್ರತಿ ಗೊಂಚಲಿಗೂ ಮೂಗು ಹಿಡಿದಳು. ಹತ್ತು ಗಿಡ ಆಯಿತು, ಹದಿನೈದಾಯಿತು. "ಇಷ್ಟು ದೊಡ್ಡ ಹೂ, ವಾಸನೆ ಅನ್ನುವುದು ಇಲ್ಲವೇ ಇಲ್ಲ. ಕಾಗದದ ಹೂವಿಗೂ ಇದಕ್ಕೂ ಏನು ವ್ಯತ್ಯಾಸ?" ಮಲ್ಲಿಗೆ, ಸಂಪಿಗೆ, ಸುರಗಿಯ ನಡುವೆ ಬೆಳೆದವರಿಗೆ ಹೂವೆಂದರೆ ಮೊದಲು ಮೂಗು, ಆಮೇಲೆ ಕಣ್ಣು. ಈ ಗಿಡದ ಮುಂದೆ ನಿಂತಾಗ ನಮ್ಮ ಆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ಓಣಿಯ ತುದಿಯಲ್ಲಿ ಅವಳು ತಟ್ಟನೆ ನಿಂತಳು. ಆಳೆತ್ತರದ ಗಿಡ, ಅಂಗೈಯಗಲದ ಬಿಳಿ ಹೂ, ಎಸಳಿನ ಹಿಂದೆ ನಸುಗೆಂಪು ನೆರಳು. ನಾಲ್ಕು ಮಾರು ದೂರಕ್ಕೇ ಪರಿಮಳ. 'ಲೋಡೆರಿ ಕಿಂಗ್ ಜಾರ್ಜ್'. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಸರ್ ಎಡ್ಮಂಡ್ ಲೋಡರ್ 1901ರಲ್ಲಿ ಮಾಡಿದ ಬೆರಕೆಯ ಕುಡಿ ಇದು. ಒಂದು ಕಡೆ ಚೀನಾದ ಫಾರ್ಚೂನಿ, ಇನ್ನೊಂದು ಕಡೆ ಸಿಕ್ಕಿಂ-ಭೂತಾನ್ ಬೆಟ್ಟಗಳ ಗ್ರಿಫಿತಿಯಾನಂ. ಸಸ್ಯಶಾಸ್ತ್ರಿ ಜೋಸೆಫ್ ಹೂಕರ್ 1848-49ರಲ್ಲಿ ಸಿಕ್ಕಿಂ ಸುತ್ತಿ ಬೀಜ ಕಳಿಸಿದ ಮೇಲೆಯೇ ಬ್ರಿಟನ್ನಿನ ದೊಡ್ಡ ಮನೆತನಗಳಿಗೆ ಈ ಗಿಡದ ಹುಚ್ಚು ನೆತ್ತಿಗೇರಿದ್ದು. ಅಮ್ಮ ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದಳು. "ಇದೇ ಇರಲಿ."

ಚೀಟಿ ತಿರುಗಿಸಿ ನೋಡಿದೆ. ಹತ್ತು ವರ್ಷಕ್ಕೆ ಆರಡಿ, ಆಮೇಲೂ ನಿಲ್ಲುವುದಿಲ್ಲ, ಮರವೇ ಆಗುತ್ತದೆ. ನಮ್ಮ ಅಂಗಳವೋ ಎರಡು ಕಾರು ನಿಲ್ಲಿಸಿ ಉಳಿದ ಜಾಗ. ಅಮ್ಮನಿಗೆ ಹೇಳಿದೆ. ಅವಳು ವಾದ ಮಾಡಲಿಲ್ಲ, ಆದರೆ ಮುಂದಿನ ಅರ್ಧ ಗಂಟೆ ಎರಡು ಸಲ ಅದರ ಬಳಿ ಹೋಗಿ ಬಂದಳು.

ಬೇರೊಂದು ಸಾಲಿನಲ್ಲಿ ಹೂ ಮುಗಿದ ಗಿಡಗಳು, ರಿಯಾಯಿತಿ ದರದ ಹಳದಿ ಪಟ್ಟಿ ಹೊತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಸಣ್ಣೆಲೆಯ 'ಪಿ.ಜೆ.ಎಂ.' ಅಲ್ಲಿತ್ತು. ಮ್ಯಾಸಚೂಸೆಟ್ಸ್‌ನ ನರ್ಸರಿಯವರೊಬ್ಬರು ಬೆರಕೆ ಮಾಡಿ ತಂದೆ ಪೀಟರ್ ಜೆ. ಮೆಜಿಟ್ ಹೆಸರಿನ ಮೊದಲಕ್ಷರಗಳನ್ನಿಟ್ಟ ತಳಿ. ಅಲ್ಲಿನ ಕಡುಚಳಿಗೇ ಜಗ್ಗದ್ದು, ಇಲ್ಲಿನ ಮೆದು ಚಳಿಗೆ ಹೆದರೀತೇ? ಬೇರೆಯವು ಮೊಗ್ಗಿನಲ್ಲಿರುವಾಗ ಮಾರ್ಚಿನಲ್ಲೇ ನೇರಳೆ-ಗುಲಾಬಿ ಹೂ ಮುಗಿಸಿ ಕೈತೊಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಎಲೆ ಬೀಟೆ ಮರದ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಅಭ್ಯಾಸಬಲದಿಂದ ಒಂದೆಲೆ ಕಿತ್ತು ಹೊಸಕಿ ಮೂಸಿದಳು. "ಅರೆ! ಇದರಲ್ಲಿದೆಯಲ್ಲ." ಹೌದು, ಇದಕ್ಕೆ ಪರಿಮಳ ಇರುವುದು ಎಲೆಯಲ್ಲಿ. ಎಲೆಯ ಹಿಂಬದಿಯನ್ನು ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿಯಾಗಿ ಹುರುಪೆ ಕಾಣುತ್ತದೆ. ರಾತ್ರಿ ಬಂದು ಎಲೆಯಂಚನ್ನು ಟಿಕೆಟ್ಟಿಗೆ ತೂತು ಹೊಡೆದ ಹಾಗೆ ಕಚ್ಚಿ ಹೋಗುವ ಮೂತಿಹುಳು ಕೂಡ ಇದರ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಮೆಟ್ಟಿಲ ಪಕ್ಕಕ್ಕೆ ಅದೇ ಎಂದು ತೀರ್ಮಾನವಾಯಿತು.

ಈಗ ಎಲೆಗಳ ಮೇಲೆ ಕಣ್ಣು ಹರಿಯತೊಡಗಿತ್ತು. ಅಮ್ಮ ಇನ್ನೊಂದು ಗಿಡದ ಚಿಗುರು ಮುರಿಯಲು ಕೈಹಾಕಿ, "ಎಷ್ಟು ಎಳಸು ನೋಡೇ. ಇದರ ಕುಡಿ ತಂಬುಳಿಗೆ ಆದೀತೇನೇ?" ಅಂದಾಗ ನಾನು ಕೈ ಹಿಡಿದೆ. ಗಿಡಕ್ಕೆ ಗಿಡವೇ ವಿಷ. ಗ್ರೇಯಾನೋಟಾಕ್ಸಿನ್ ಅನ್ನುವ ಅದರ ನಂಜು ಜೇನಿಗೂ ಇಳಿಯುತ್ತದೆ. ಕಪ್ಪುಸಮುದ್ರದ ದಂಡೆಯಲ್ಲಿ ಆ ಜೇನು ತಿಂದ ಗ್ರೀಕ್ ಸೈನಿಕರು ಕಾಲು ನಿಲ್ಲದೆ ಉರುಳಿದ್ದನ್ನು ಸೇನಾನಿ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಉತ್ತರಾಖಂಡದ ಬುರಾಂಶ್ ಕೂಡ ಇದೇ ಕುಲದ್ದು, ಅಲ್ಲಿ ಅದರ ಎಸಳಿನ ಶರಬತ್ತು ಮಾಡಿ ಕುಡಿಯುತ್ತಾರೆ. ಆದರೆ ಅದು ಆ ಒಂದು ಮರದ ಮಾತು. ನರ್ಸರಿಯ ಬೆರಕೆ ಗಿಡದ ಮೇಲೆ ತಂಬುಳಿಯ ಪ್ರಯೋಗ ಬೇಡ.

ಬುರಾಂಶ್ ಮಾತು ಬಂದದ್ದೇ ತಡ, ಅಮ್ಮನಿಗೆ ಊಟಿ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅಪ್ಪನ ಜೊತೆ ದೊಡ್ಡಬೆಟ್ಟಕ್ಕೆ ಹೋದಾಗ ಸೊಟ್ಟ ಕಾಂಡದ ಮರವೊಂದು ರಕ್ತಗೆಂಪು ಹೂ ಬಿಟ್ಟು ನಿಂತಿತ್ತಂತೆ. ಅದು ಅರ್ಬೋರಿಯಂ. ಹಿಮಾಲಯದ ಬುರಾಂಶ್‌ನ ನೀಲಗಿರಿ ಕವಲು. ಶೋಲಾ ಕಾಡಿನ ಅಂಚಿನಲ್ಲಿ, ಹುಲ್ಲುಗಾವಲಿನಲ್ಲಿ ಬೆಳೆಯುವ ಅದರ ತೊಗಟೆ ಬೆಂಕಿ ಬಿದ್ದರೂ ತಾಳುವಷ್ಟು ದಪ್ಪ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ತೋಟದ ರೋಡೋಡೆಂಡ್ರಾನ್‌ಗಳಿಗೆ ಕೆಂಪು ಬಂದದ್ದು ಈ ಅರ್ಬೋರಿಯಂನಿಂದ.

"ಹಾಗಾದರೆ ಕೆಂಪು ನಮ್ಮದು. ಕೆಂಪೊಂದು ತಗೋ."

ಪಶ್ಚಿಮದ ಬೇಲಿಯ ಮೂಲೆಗೆ ಕೆಂಪು ಬೇಕಾದರೆ 'ಜೀನ್ ಮೇರಿ ಡಿ ಮೊಂಟಾಗ್' ಎಂದು ಕತ್ತರಿ ಹೆಂಗಸು ಹಿಂದಿನಿಂದಲೇ ಕೂಗಿ ಹೇಳಿದಳು. ಬಿಸಿಲು ತಾಳುವ ಕೆಂಪು. ಇಲ್ಲಿ ಆ ಗುಣದ ಬೆಲೆ ಎಲ್ಲರಿಗೂ ಅರಿವಾದದ್ದು 2021ರ ಜೂನ್ 28ರಂದು. ಸಿಯಾಟಲ್ 108 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 42 ಸೆಲ್ಸಿಯಸ್ ಮುಟ್ಟಿದ ದಿನ. ಮರುವಾರ ನಮ್ಮ ಬೀದಿಯ ರೋಡಿಗಳೆಲ್ಲ ನೈರುತ್ಯಕ್ಕೆ ತಿರುಗಿದ್ದ ಬದಿಯಲ್ಲಿ ಕಾವಲಿಯ ಮೇಲೆ ಮರೆತ ಹಪ್ಪಳವಾಗಿದ್ದವು. ಇನ್ನೊಂದು ಬದಿ ಏನೂ ಆಗದ ಹಾಗೆ ಹಸಿರು.

ಉಳಿದದ್ದು ಕಿಟಕಿಯ ಕೆಳಗಿನ ಜಾಗ. ಹೆಂಗಸು ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಗುಂಡುಕಲ್ಲಿನಂತೆ ಕೂತ ಗಿಡದ ಮುಂದೆ. ಎರಡೇ ಗೊಂಚಲು ಹೂ. ಮೊಗ್ಗು ಗುಲಾಬಿ, ಅರಳಿದರೆ ಬಿಳಿ. ಹೂವಿಲ್ಲದ ಕೊಂಬೆಗಳಲ್ಲಿ ಆಗಲೇ ಹೊಸ ಕುಡಿ ಬಂದಿತ್ತು.

ಅಮ್ಮ ಬಗ್ಗಿ ನೋಡಿದವಳು ಮುಖ ಸಿಂಡರಿಸಿದಳು. "ಹಿಟ್ಟುತಿಗಣೆ ಹತ್ತಿದೆ. ಇದು ಬೇಡವೇ ಬೇಡ." ಹೇಳುತ್ತಲೇ ಹೆಬ್ಬೆರಳಿನಿಂದ ಒಂದು ಕುಡಿಯನ್ನು ಒರೆಸಿಯೂ ಬಿಟ್ಟಳು. ಬಿಳಿಯದೆಲ್ಲ ಬೆರಳಿಗೆ ಬಂತು, ಅದು ಹೋದ ಜಾಗದಲ್ಲಿ ಹಸಿರು ಗೆರೆಯೊಂದು ಉಳಿಯಿತು. ಹುಳ ಒಂದೂ ಇಲ್ಲ. ಬೆರಳನ್ನು ಬೆರಳಿಗೆ ಉಜ್ಜಿ ನೋಡಿದಳು. ಹತ್ತಿಯ ಹಾಗೆ ನಯ.

ಹೆಂಗಸು ನಕ್ಕು ಹಳೆಯ ಎಲೆಯೊಂದನ್ನು ಮಗುಚಿ ಅಮ್ಮನ ಕೈಗಿಟ್ಟಳು. ಮೇಲೆ ಕಡುಹಸಿರು, ಅಂಚು ಕೆಳಕ್ಕೆ ಮಡಿಚಿದೆ. ಕೆಳಗೆ ದಪ್ಪ ಕಂದು ಕಂಬಳಿ. ಬೆಕ್ಕಿನ ಕಿವಿಯ ಹಿಂಭಾಗ ಮುಟ್ಟಿದ ಹಾಗೆ. ಎಳೆಗುಡಿಗೆ ಎಲ್ಲ ಕಡೆ ಬಿಳಿ ಹೊದಿಕೆ. ಎಲೆ ಬಲಿಯುತ್ತ ಮೇಲಿನದು ಕಳಚುತ್ತದೆ, ಕೆಳಗಿನದು ಕಂದಾಗಿ ಉಳಿಯುತ್ತದೆ. ಈ ಗಿಡದ ಮೂಲ ಊರು ಜಪಾನಿನ ಯಾಕುಷಿಮಾ ದ್ವೀಪದ ಬೆಟ್ಟದ ನೆತ್ತಿ. ಆಗುಂಬೆಗೆ ಸವಾಲು ಹಾಕುವ ಮಳೆ, ಜೊತೆಗೆ ಗಾಳಿ, ಹಿಮ. 1934ರಲ್ಲಿ ಕೋಯಿಚಿರೋ ವಾಡಾ ಎಂಬ ಜಪಾನಿ ನರ್ಸರಿಯವರು ಇಂಗ್ಲೆಂಡಿನ ಎಕ್ಸ್‌ಬರಿ ತೋಟಕ್ಕೆ ಎರಡೇ ಎರಡು ಗಿಡ ಕಳಿಸಿದ್ದರು. ಅದರಲ್ಲೊಂದು 1947ರ ಚೆಲ್ಸಿ ಪ್ರದರ್ಶನದಲ್ಲಿ ಮೊದಲ ದರ್ಜೆಯ ಪ್ರಶಸ್ತಿ ಗೆದ್ದು ಕಳಿಸಿದವರ ಹೆಸರನ್ನೇ ಹೊತ್ತಿತು. ನಮ್ಮೆದುರಿನ ಚೀಟಿಯಲ್ಲೂ ಅದೇ ಹೆಸರು. ಹತ್ತು ವರ್ಷಕ್ಕೆ ಮೂರಡಿ. ಕಿಟಕಿಯ ದಂಡೆ ಮೂರೂವರೆ.

ಅಮ್ಮ ಇನ್ನೊಮ್ಮೆ ಬಗ್ಗಿದಳು. ಗುಂಡಗಿನ ಬುಡ, ಮೇಲೆ ಚೂಪು ತುದಿ, ನೆಟ್ಟಗೆ ನಿಂತ ಬಿಳಿ ಕುಡಿಗಳು. "ಹೂಬತ್ತಿ" ಅಂದಳು ಮೆಲ್ಲಗೆ. "ಯಾರೋ ಹೊಸೆದು ಇಟ್ಟ ಹಾಗಿದೆಯಲ್ಲೇ." ಶ್ರಾವಣದ ಮಧ್ಯಾಹ್ನಗಳಲ್ಲಿ ಹಾಲಿನಲ್ಲಿ ಬೆರಳದ್ದಿಕೊಂಡು ಸಾವಿರಗಟ್ಟಲೆ ಹೊಸೆದವಳು ಹೇಳಿದರೆ ಅದು ಹೂಬತ್ತಿಯೇ.

ನೆಡುವ ಕೆಲಸ ಭಾನುವಾರ. ಕುಂಡ ಬುಡಮೇಲು ಮಾಡಿ ತಟ್ಟಿದರೆ ಬೇರುಗಡ್ಡೆ ಅಚ್ಚು ತೆಗೆದ ಹಾಗೆ ಜಾರಿ ಬಂತು. ಕೂದಲೆಳೆಯ ಬೇರುಗಳು ಸುತ್ತಿ ಸುತ್ತಿ ಮುಸುರೆ ತಿಕ್ಕುವ ನಾರಿನಂತಾಗಿದ್ದವು. ಅವನ್ನು ಬೆರಳಿನಿಂದ ಬಿಡಿಸದಿದ್ದರೆ ನೆಲದಲ್ಲೂ ಕುಂಡದ ಆಕಾರದಲ್ಲೇ ಸುತ್ತುತ್ತಿರುತ್ತವೆ. ಅಮ್ಮ ಹೇನು ನೋಡುವ ತಾಳ್ಮೆಯಿಂದ ಬಿಡಿಸಿದಳು. ಗುಂಡಿ ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿನ ನೆಲ ಹಿಮನದಿ ಅರೆದು ಬಿಟ್ಟುಹೋದದ್ದು, ಮೇಲಿನ ಮಣ್ಣಿನ ಕೆಳಗೆ ಸಿಮೆಂಟಿನಂಥ ಗಟ್ಟಿ ಪದರ. ಹಾಗಾಗಿ ಬೇರುಗಡ್ಡೆಯ ಮೇಲಂಚು ನೆಲದಿಂದ ಎರಡು ಬೆರಳು ಮೇಲಿರುವಂತೆ ದಿಬ್ಬದ ಮೇಲೆ ಕೂರಿಸಬೇಕು. "ತುಳಸಿಕಟ್ಟೆಯ ಮೇಲಿಟ್ಟ ಹಾಗಾಯಿತು" ಎಂದು ಗೊಣಗಿದಳು. ಗೋಡೆಗೆ ಅಂಟಿಸಿಯೂ ನೆಡುವಂತಿಲ್ಲ. ಅಡಿಪಾಯದ ಕಾಂಕ್ರೀಟಿನ ಸುಣ್ಣ ಮಳೆಗೆ ಕರಗಿ ಇಳಿದರೆ ಹುಳಿಮಣ್ಣಿನ ಈ ಗಿಡ ಕಬ್ಬಿಣ ಹೀರಲಾರದೆ, ನರ ಮಾತ್ರ ಹಸಿರಾಗಿ ಎಲೆಯೆಲ್ಲ ಹಳದಿಯಾಗುತ್ತದೆ. ಎರಡಡಿ ದೂರ ಅಳೆದೆವು.

ಹೊದಿಕೆಯ ಹೊತ್ತಿಗೆ ಅಮ್ಮ ತಾನಾಗಿ ಮೇಸ್ತ್ರಿಯಾದಳು. ನಾನು ತಂದಿದ್ದ ತೊಗಟೆ ಚೂರಿನ ಮೂಟೆಯನ್ನು ಬದಿಗೆ ತಳ್ಳಿ, ಫರ್ ಮರದಡಿಯ ದರಗನ್ನೇ ಗುಡಿಸಿ ತಂದು ಬುಡಕ್ಕೆ ಒಟ್ಟಿದಳು. ತೋಟದಲ್ಲಿ ಐವತ್ತು ವರ್ಷ ಮಾಡಿದ ಕೆಲಸ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟದ್ದನ್ನು ಯಾರೂ ಹೇಳಿಕೊಡಲಿಲ್ಲ.

ಜೀನ್ ಮೇರಿಯ ಒಂದು ಗೊಂಚಲನ್ನು ಅಂದೇ ಮುರಿಸಿಕೊಂಡಳು. ಹೇಗೂ ಬಾಡಿದ ಮೇಲೆ ಮುರಿಯಬೇಕಾದದ್ದೇ, ಗಿಡ ಬೀಜ ಕಟ್ಟುವುದರಲ್ಲಿ ಶಕ್ತಿ ಕಳೆಯದಿರಲಿ ಎಂದು. ಗೊಂಚಲಿನ ಬುಡದಲ್ಲೇ ಸಣ್ಣ ಚಿಗುರುಮೊಗ್ಗು ಇರುತ್ತದೆ, ಅದಕ್ಕೆ ಉಗುರು ತಾಗದಂತೆ ಪಕ್ಕಕ್ಕೆ ಬಾಗಿಸಿದರೆ ಪಟ್ ಎಂದು ಬರುತ್ತದೆ, ಬೆರಳಿಗೆಲ್ಲ ಅಂಟು. ಅಡುಗೆಮನೆಯ ಕಪಾಟಿನ ದೇವರ ಪಟಗಳ ಮುಂದೆ ಆ ಒಂದೇ ಗೊಂಚಲಿಗೆ ಜಾಗ ಸಾಲದೆ ಗಣಪತಿ ಸ್ವಲ್ಪ ಪಕ್ಕಕ್ಕೆ ಸರಿಯಬೇಕಾಯಿತು.

ಜೂನ್ ಮೊದಲ ವಾರ ಅಮ್ಮ ಊರಿಗೆ ಹೋದಳು. ಹೂವೆಲ್ಲ ಅಷ್ಟರಲ್ಲಿ ಮುಗಿದಿತ್ತು. ಬೀದಿಯ ತೇರುಗಳೆಲ್ಲ ಮತ್ತೆ ಬರೀ ಹಸಿರು ಪೊದೆ. ಜುಲೈ ಹೊತ್ತಿಗೆ ಇಲ್ಲಿ ಮಳೆ ನಿಂತೇಹೋಗುತ್ತದೆ. ವಾರಕ್ಕೆರಡು ಸಲ ಪೈಪು ಹಿಡಿಯುತ್ತೇನೆ, ಮುಂದಿನ ವರ್ಷದ ಮೊಗ್ಗು ಕಟ್ಟುವ ಕಾಲ ಇದೇ. ಸಾಗರದಲ್ಲಿ ಆಗ ಮಳೆ ಹೊಡೆಯುತ್ತಿರುತ್ತದೆ, ಫೋನಿನಲ್ಲಿ ಹೆಂಚಿನ ಮೇಲಿನ ಸದ್ದು ಕೇಳುತ್ತದೆ.

"ಬತ್ತಿ ಎಷ್ಟಾಯಿತೇ?"

ಫೋನ್ ಹಿಡಿದೇ ಹೊರಗೆ ಹೋಗಿ ಎಣಿಸಿದೆ. ಹದಿನೇಳು. ಮೊದಲು ಬಂದ ಕುಡಿ ಈಗ ಬಿಚ್ಚಿ ಎಲೆಯಾಗಿದೆ. ಬಿಳಿ ಎಲೆಯ ಮೇಲೆ ಅವಳ ಹೆಬ್ಬೆರಳು ಒರೆಸಿದ ಹಸಿರು ಗೆರೆ ಇನ್ನೂ ಹಾಗೇ ಇದೆ.