ಕಚ್ಚುವ ಬೆಕ್ಕಿಗೆ ಗೋಣಿ ಹುಡುಕುವ ಮೊದಲು

ನಮ್ಮ ಬೊಳ್ಳುವನ್ನು ಗೋಣಿಗೆ ಹಾಕಿ ಬಾಯಿ ಕಟ್ಟಿ ಆಗಿತ್ತು. ಬೈಕಿನ ಹಿಂದೆ ಇಟ್ಟುಕೊಂಡು ಹೋಗಿ ಹೊಳೆಯಾಚೆಯ ಗೇರುಗುಡ್ಡೆಯಲ್ಲಿ ಬಿಟ್ಟು ಬರುವುದೆಂದು ನನ್ನ ಲೆಕ್ಕ. ಮೊದಲು ಅಮ್ಮನನ್ನು ಆಸ್ಪತ್ರೆಗೆ ತೋರಿಸಿ ಬರುವ, ಆಮೇಲೆ ಆ ಕೆಲಸ ಎಂದು ಗೋಣಿಯನ್ನು ಹಟ್ಟಿಯ ಮೂಲೆಯಲ್ಲಿಟ್ಟು ಹೊರಟೆ. ಡಾಕ್ಟ್ರು ಅಮ್ಮನ ಊದಿದ ಕೈ ನೋಡಿದವರೇ, "ಬೆಕ್ಕು ಎಲ್ಲಿದೆ?" ಎಂದು ಕೇಳಿದರು.

"ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ. ಸಂಜೆಯೊಳಗೆ ಬಿಟ್ಟು ಬರ್ತೇನೆ" ಅಂದೆ.

"ಬಿಡ್ಬೇಡಿ ಮಾರಾಯ್ರೇ! ಅದು ಹತ್ತು ದಿನ ನಿಮ್ಮ ಕಣ್ಣೆದುರೇ ಇರ್ಬೇಕು."

ಕಚ್ಚಿದ ನಾಯಿಯನ್ನೋ ಬೆಕ್ಕನ್ನೋ ಹೊಡೆದು ಕೊಲ್ಲುವುದು, ದೂರ ಬಿಟ್ಟು ಬರುವುದು ನಮ್ಮಲ್ಲಿ ಮಾಮೂಲು. ಅದರಿಂದ ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ನಾವೇ ಕಳೆದುಕೊಂಡ ಹಾಗೆ. ಕಚ್ಚುವಾಗ ಜೊಲ್ಲಿನಲ್ಲಿ ರೇಬಿಸ್ ವೈರಸ್ ಇದ್ದಿದ್ದರೆ ಆ ನಾಯಿ ಅಥವಾ ಬೆಕ್ಕು ಹತ್ತು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಕಳೆದರೂ ಗಟ್ಟಿಮುಟ್ಟಾಗಿ ತಿಂದುಂಡು ಇದ್ದರೆ ಆ ಕಚ್ಚಿನಿಂದ ರೇಬಿಸ್ ಬರುವುದಿಲ್ಲ. ಹಾಗೆಂದು ಹತ್ತು ದಿನ ಕಾದು ನೋಡಿ ಮತ್ತೆ ಆಸ್ಪತ್ರೆಗೆ ಹೋಗುವುದಲ್ಲ. ಇಂಜೆಕ್ಷನ್ ಆ ದಿನವೇ ಶುರು ಮಾಡಬೇಕು. ಬೆಕ್ಕು ಸರಿ ಇದೆ ಎಂದು ಖಾತ್ರಿಯಾದ ಮೇಲೆ ಉಳಿದ ಡೋಸು ಬೇಕೋ ಬೇಡವೋ ಎಂಬುದನ್ನು ಡಾಕ್ಟ್ರು ಹೇಳುತ್ತಾರೆ. ನಾನು ಅಲ್ಲಿಂದಲೇ ಮನೆಗೆ ಫೋನ್ ಮಾಡಿ ಗೋಣಿ ಬಿಚ್ಚಲು ಹೇಳಿದೆ.

ಅಮ್ಮನ ಕೈಯ ಕಥೆ

ಬೊಳ್ಳು ಅಮ್ಮನ ಎಡಗೈಯ ಹೆಬ್ಬೆರಳ ಬುಡಕ್ಕೆ ಕಚ್ಚಿದ್ದು ಹಿಂದಿನ ದಿನ ಮಧ್ಯಾಹ್ನ. ಹೊರಗೆ ಕಾಣುವುದು ಸೂಜಿ ಚುಚ್ಚಿದ ಹಾಗೆ ಎರಡೇ ತೂತು, ರಕ್ತ ಎರಡು ತೊಟ್ಟು. ಅಮ್ಮ ಅರಸಿನ, ಸುಣ್ಣ ಕಲಸಿ ಮೆತ್ತಿ ಸುಮ್ಮನಿದ್ದರು. ಬೆಕ್ಕಿಗೆ ಬೈಗಳು ಬೀಳುತ್ತದೆಂದು ನಮಗೆ ಹೇಳಲೂ ಇಲ್ಲ. ಬೆಳಗ್ಗೆ ನೋಡಿದರೆ ಅಂಗೈಯಿಂದ ಮಣಿಗಂಟಿನವರೆಗೆ ಕೆಂಪಾಗಿ ಬಾತು, ಬೆರಳು ಮಡಚಲು ಆಗುತ್ತಿಲ್ಲ.

ನಾಯಿ ಕಚ್ಚಿದರೆ ಮಾಂಸ ಹರಿಯುತ್ತದೆ, ನೋಡಿದವರಿಗೆ ಹೆದರಿಕೆಯಾಗುತ್ತದೆ, ಆಸ್ಪತ್ರೆಗೆ ಓಡುತ್ತಾರೆ. ಬೆಕ್ಕಿನ ಹಲ್ಲು ಸಪೂರ, ಚೂಪು. ಅದು ಆಳಕ್ಕೆ ಇಳಿದು ಬಾಯಿಯ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟು ಬರುತ್ತದೆ. ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುವುದರಿಂದ ಒಳಗೆ ಕೀವಾಗುತ್ತದೆ. ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಕ್ಕಿನ ಬಾಯಿಯಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಒಂದು ದಿನದೊಳಗೆ ಬಾವು ಬರಿಸುವುದು ಹೆಚ್ಚಾಗಿ ಇದೇ. ಕೈ, ಬೆರಳಿನ ಗಂಟುಗಳಲ್ಲಿ ಚರ್ಮದ ಕೆಳಗೇ ಎಲುಬು, ನರ ಇರುವುದರಿಂದ ಅಲ್ಲಿ ಕಚ್ಚಿದರೆ ಹೆಚ್ಚು ಅಪಾಯ. ಪ್ರಾಯದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ. ನಮ್ಮ ಅಮ್ಮನಿಗೆ ಎರಡೂ ಉಂಟು.

ಮೊದಲು ಮಾಡಬೇಕಾದ್ದು ಕಾಸು ಖರ್ಚಿಲ್ಲದ ಕೆಲಸ. ನಳ್ಳಿಯ ಕೆಳಗೆ ಗಾಯ ಹಿಡಿದು ಸಾಬೂನು ಹಾಕಿ 15 ನಿಮಿಷ ತೊಳೆಯುವುದು. ಗಡಿಯಾರ ನೋಡಿಯೇ ತೊಳೆಯಬೇಕು, ಇಲ್ಲವಾದರೆ ನಮ್ಮ ತಾಳ್ಮೆ ಎರಡು ನಿಮಿಷಕ್ಕೆ ಮುಗಿಯುತ್ತದೆ. ರೇಬಿಸ್ ವೈರಸ್ಸಿಗೆ ಸಾಬೂನು ಆಗಿಬರುವುದಿಲ್ಲ. ಸುಣ್ಣ, ಮೆಣಸಿನ ಪುಡಿ, ಸೀಮೆಎಣ್ಣೆ, ಕಾಫಿಪುಡಿ ಯಾವುದನ್ನೂ ಹಾಕಬಾರದು. ಬಿಗಿಯಾಗಿ ಕಟ್ಟಲೂ ಬಾರದು. ಆಮೇಲೆ ನೇರ ಆಸ್ಪತ್ರೆ. ಅಮ್ಮನಿಗೆ ಕೀವಾಗದಂತೆ ಆಂಟಿಬಯಾಟಿಕ್, ಟೆಟನಸ್ ಇಂಜೆಕ್ಷನ್, ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್, ತೋಳಿಗೆ ರೇಬಿಸ್ ಲಸಿಕೆ ಕೊಟ್ಟರು. ರಕ್ತ ಬಂದ ಕಚ್ಚಿಗೆ ಈ ಇಮ್ಯುನೋಗ್ಲೋಬ್ಯುಲಿನ್ ಬೇಕು. ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಕೆಲವೊಮ್ಮೆ ಅದು ಇರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

"ಹೊಕ್ಕುಳ ಸುತ್ತ 14 ಚುಚ್ಚಿಸ್ಕೊಳ್ಳೂದಕ್ಕಿಂತ ಸಾಯುದೇ ವಾಸಿ" ಎಂದು ಅಮ್ಮ ಮೊದಲು ಹಟ ಹಿಡಿದಿದ್ದರು. ಅವರ ಅಣ್ಣ ಚಿಕ್ಕಂದಿನಲ್ಲಿ ಅದನ್ನು ಚುಚ್ಚಿಸಿಕೊಂಡು ಅತ್ತದ್ದು ಅವರಿಗೆ ನೆನಪಿದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ. ನಮ್ಮ ದೇಶದಲ್ಲಿ ಅದರ ತಯಾರಿ 2004ಕ್ಕೇ ನಿಂತಿದೆ. ಈಗ ಚರ್ಮಕ್ಕೆ ಕೊಡುವುದಾದರೆ ಮೊದಲ ದಿನ, ಮತ್ತೆ ಅಲ್ಲಿಂದ 3, 7, 28ನೇ ದಿನ. ಮಾಂಸಕ್ಕೆ ಕೊಡುವುದಾದರೆ ನಡುವೆ 14ನೇ ದಿನದ್ದು ಒಂದು ಹೆಚ್ಚು. ಅಷ್ಟೇ. ಅಮ್ಮನಿಗೆ ಕೋರ್ಸು ಪೂರ್ತಿ ಮಾಡಿಸಿದೆವು. ಪೂರ್ತಿ ಮಾಡಿಸಿದವರಿಗೆ ಮುಂದೆ ಪುನಃ ಕಚ್ಚಿದರೆ ಎರಡೇ ಡೋಸು ಸಾಕಂತೆ, ಇಮ್ಯುನೋಗ್ಲೋಬ್ಯುಲಿನ್ ಬೇಡ. ಚೀಟಿ ಮಾತ್ರ ಜೋಪಾನ ಮಾಡಿ ಇಡಬೇಕು.

"ಮನೆ ಬೆಕ್ಕಲ್ವಾ, ಅದಕ್ಕೆಂತ ಹುಚ್ಚು" ಎಂದು ಕೇಳುವವರು ತುಂಬ. ರಾತ್ರಿ ಅದು ಎಲ್ಲಿ ತಿರುಗುತ್ತದೆ, ಯಾವ ನಾಯಿಯಿಂದ ಕಚ್ಚಿಸಿಕೊಳ್ಳುತ್ತದೆ ಎಂದು ನಾವು ಕಂಡಿದ್ದೇವಾ? ಪರಚಿದ್ದೂ ಲೆಕ್ಕಕ್ಕೆ ಬರುತ್ತದೆ. ಬೆಕ್ಕು ಉಗುರು ನೆಕ್ಕುವ ಪ್ರಾಣಿ.

ಕ್ಯಾಲೆಂಡರಿನ ಹಿಂಬದಿ ಲೆಕ್ಕ

ಬೆಕ್ಕನ್ನು ಬಿಡುವಂತಿಲ್ಲ ಎಂದಾದ ಮೇಲೆ ಅದು ಯಾಕೆ ಕಚ್ಚುತ್ತದೆ ಎಂದು ನೋಡಲೇಬೇಕಾಯಿತು. ಅಮ್ಮನದು ಮೊದಲನೆಯ ಕಚ್ಚಲ್ಲ. ಮನೆಯಾಕೆಗೆ ಮೀನಖಂಡಕ್ಕೆ ಎರಡು ಸಲ, ಮಗನಿಗೆ ಕಾಲಬೆರಳಿಗೆ ಲೆಕ್ಕವಿಲ್ಲದಷ್ಟು. ನನಗೂ ಆಗಿದೆ. ಎಲ್ಲರೂ ತೊಳೆದು ಮರೆತದ್ದು. ಅದು ತಪ್ಪೆಂದು ಈಗ ಗೊತ್ತಾಗಿದೆ. ಆರು ವರ್ಷದ ಪುಳ್ಳಿ ರಜೆಗೆ ಬರುವವಳಿದ್ದಳು. ನನ್ನ ನಿಜವಾದ ಹೆದರಿಕೆ ಅದು. ಮಕ್ಕಳು ಬೆಕ್ಕಿನ ಮುಖದ ಹತ್ತಿರ ಮುಖ ಇಡುತ್ತವೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಬರೆಯಲು ಶುರು ಮಾಡಿದೆ. ಯಾರಿಗೆ, ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮೊದಲು ಏನು ನಡೆಯುತ್ತಿತ್ತು. ಕಚ್ಚಲು ಬಂದು ತಪ್ಪಿದ್ದನ್ನೂ ಬರೆದೆ. ಮೂರು ವಾರದಲ್ಲಿ ಒಂದು ವಿಷಯ ಕಂಡಿತು. ಒಬ್ಬೊಬ್ಬರಿಗೆ ಕಚ್ಚುವ ಕಾರಣ ಒಂದೊಂದು.

ಮಗನದು ಅವನದೇ ತಪ್ಪು, ನನ್ನದೂ ಹೌದು. ಬೊಳ್ಳು ನಮಗೆ ಸಿಕ್ಕಿದ್ದು ಪಂಪುಶೆಡ್ಡಿನಲ್ಲಿ, ತಿಂಗಳು ತುಂಬದ ಒಂಟಿ ಮರಿ. ಮರಿಗಳು ಒಡಹುಟ್ಟಿದವುಗಳ ಜತೆ ಕಚ್ಚಾಡುತ್ತಾ ಎಷ್ಟು ಗಟ್ಟಿ ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುತ್ತವೆ. ಇದಕ್ಕೆ ಆ ಶಾಲೆ ಸಿಗಲಿಲ್ಲ. ಮೇಲಿಂದ ನಾವು ಕಂಬಳಿಯೊಳಗೆ ಕಾಲಬೆರಳು ಆಡಿಸಿ ಹಾರಿಸಿದ್ದು, ಅಂಗೈ ಕೊಟ್ಟು ಗುದ್ದಾಡಿಸಿದ್ದು. ಅಂಗೈಯಷ್ಟು ಇರುವಾಗ ಚಂದ. ನಾಲ್ಕು ಕೆಜಿಯ ಗಂಡು ಬೆಕ್ಕಾದ ಮೇಲೂ ಅದರ ಲೆಕ್ಕದಲ್ಲಿ ಕೈಕಾಲು ಆಟದ ಸಾಮಾನೇ. ಮರಿ ತರುವುದಾದರೆ ಎಂಟು ವಾರ ತಾಯಿಯ ಜತೆ ಬಿಟ್ಟು ತನ್ನಿ, ಆದರೆ ಎರಡು ತನ್ನಿ.

ಅಮ್ಮನದು ಬೇರೆ. ಊಟವಾಗಿ ಜಗಲಿಯಲ್ಲಿ ಕೂತು ಮಡಿಲಲ್ಲಿ ಹಾಕಿಕೊಂಡು ಅರ್ಧ ಗಂಟೆ ಸವರುವುದು ಅವರ ಕ್ರಮ. ಗುರುಗುಟ್ಟುತ್ತಾ ಇದ್ದ ಬೆಕ್ಕು ಇದ್ದಕ್ಕಿದ್ದ ಹಾಗೆ ತಿರುಗಿ ಕಚ್ಚುತ್ತಿತ್ತು. ನಾನು ಎದುರು ಕೂತು ನೋಡಿದಾಗ ಅದು ಇದ್ದಕ್ಕಿದ್ದ ಹಾಗೆ ಅಲ್ಲ. ಮೊದಲು ಬಾಲದ ತುದಿ ಪಟಪಟ ಬಡಿಯುತ್ತದೆ. ಬೆನ್ನಿನ ಚರ್ಮ ನೊಣ ಕೂತಾಗ ದನದ್ದು ಅದುರುವ ಹಾಗೆ ಅದುರುತ್ತದೆ. ಕಿವಿ ಅಡ್ಡ ತಿರುಗುತ್ತದೆ, ಗುರುಗುಟ್ಟುವುದು ನಿಲ್ಲುತ್ತದೆ. "ಸಾಕು" ಎಂದು ಅದು ನಾಲ್ಕು ಸಲ ಹೇಳಿ ಐದನೇ ಸಲಕ್ಕೆ ಕಚ್ಚುವುದು. ಅಮ್ಮನಿಗೆ ಕಣ್ಣು ಮಂಜು, ಕಾಣುವುದಿಲ್ಲ. ಈಗ ಲೆಕ್ಕ ಮಾಡಿ ಹತ್ತು ಸಲ ಸವರುವುದು, ಅದೂ ಕೆನ್ನೆ, ಗಲ್ಲ, ಕಿವಿಯ ಹಿಂದೆ. ಹೊಟ್ಟೆ, ಬಾಲದ ಬುಡ ಮುಟ್ಟುವುದಿಲ್ಲ. ಎದ್ದು ಹೋದರೆ ಹಿಡಿದೆಳೆಯುವುದಿಲ್ಲ.

ಬಾಲದ ಬುಡ ಎಂದಾಗ ಇನ್ನೊಂದು. ಒಮ್ಮೆ ಬೊಳ್ಳು ಎರಡು ದಿನ ಯಾರು ಮುಟ್ಟಿದರೂ ಹಲ್ಲು ತೋರಿಸುತ್ತಿತ್ತು. ಬ್ಯಾಗಿಗೆ ಹಾಕಿ ಪಶು ಆಸ್ಪತ್ರೆಗೆ ಒಯ್ದರೆ ಬಾಲದ ಬುಡದಲ್ಲಿ ರೋಮದೊಳಗೆ ಕೀವು ತುಂಬಿದ ಕುರು. ಬೇರೆ ಗಂಡು ಬೆಕ್ಕು ಕಚ್ಚಿದ್ದು. ಕೊಯ್ದು ಔಷಧಿ ಕೊಟ್ಟರು, ವಾರದಲ್ಲಿ ಸರಿಯಾಯಿತು. ಮೊದಲು ಸಾಧುವಿದ್ದ ಬೆಕ್ಕು ಹೊಸದಾಗಿ ಕಚ್ಚಲು ಶುರು ಮಾಡಿದರೆ ಎಲ್ಲೋ ನೋವಿದೆ ಎಂದೇ ಮೊದಲು ಸಂಶಯಪಡಬೇಕು. ಹಲ್ಲು, ಕಿವಿ, ಗಂಟು ಎಲ್ಲಿಯೂ ಆಗಬಹುದು. ನೋವೆಂದು ನಮ್ಮ ಜ್ವರದ ಮಾತ್ರೆ ಪ್ಯಾರಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಹುದು.

ಕಷ್ಟದ್ದು ಮನೆಯಾಕೆಯ ವಿಷಯ. ಅವಳು ಬೆಕ್ಕಿನ ತಂಟೆಗೇ ಹೋಗುವವಳಲ್ಲ. ಆದರೂ ಸಂಜೆ ಏಳರ ಹೊತ್ತಿಗೆ, ಬಚ್ಚಲ ಬಾಗಿಲ ಹತ್ತಿರ, ಮೀನಖಂಡಕ್ಕೇ. ಬರೆದದ್ದನ್ನು ಪುನಃ ನೋಡಿದಾಗ ಹೊತ್ತು, ಜಾಗ ಎರಡೂ ಪ್ರತಿ ಸಲ ಅದೇ. ಒಂದು ಸಂಜೆ ಟಾರ್ಚು ಹಿಡಿದು ಕಾದೆ. ಬಚ್ಚಲ ಕಿಟಕಿಯ ಹೊರಗೆ ಸೌದೆ ರಾಶಿಯ ಮೇಲೆ ನೆರೆಕರೆಯ ದೊಡ್ಡ ಬೂದು ಗಂಡು ಬೆಕ್ಕು ಬಂದು ಕೂರುತ್ತದೆ. ಬೊಳ್ಳು ಒಳಗಿನಿಂದ ಅದನ್ನು ನೋಡಿ ಬಾಲ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಮಾಡಿ ಸಿಟ್ಟಿನಲ್ಲಿ ನಿಂತಿರುತ್ತದೆ. ಅದನ್ನು ಮುಟ್ಟಲು ಆಗುವುದಿಲ್ಲ. ಆ ಹೊತ್ತಿಗೆ ಹತ್ತಿರ ಹಾದ ಕಾಲಿಗೆ ಆ ಸಿಟ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವಲ್ಲ, ಇಲ್ಲಿ ಕೊತ್ತಿಯ ಕೋಪ ಮನೆಯಾಕೆಯ ಮೇಲೆ. ಹೀಗೆ ಕೆರಳಿದ ಬೆಕ್ಕು ತಣಿಯಲು ಕೆಲವೊಮ್ಮೆ ಗಂಟೆಗಟ್ಟಲೆ ಬೇಕು. ಎತ್ತಿಕೊಂಡು ಸಮಾಧಾನ ಮಾಡಲು ಹೋಗಬಾರದು. ಕೋಣೆಗೆ ಹೋಗಲು ಬಿಟ್ಟು ದೀಪ ಆರಿಸಿ ಬಾಗಿಲು ಎಳೆದುಕೊಳ್ಳುವುದು. ಸೌದೆ ರಾಶಿಯನ್ನು ಹಟ್ಟಿಯ ಹಿಂದೆ ಹಾಕಿದೆವು, ಬಚ್ಚಲ ಕಿಟಕಿಯ ಕೆಳಗಿನ ಅರ್ಧಕ್ಕೆ ತಗಡು ಹೊಡೆದೆವು. ಮೀನಖಂಡಕ್ಕೆ ಕಚ್ಚುವುದು ಆ ವಾರವೇ ನಿಂತಿತು.

ಏನು ಮಾಡಿದೆವು

ಮಗ ಮೊದಲು ಹಿಡಿಸೂಡಿಯಲ್ಲಿ ಎರಡು ಬಾರಿಸಿ ನೋಡಿದ. ಅದರಿಂದ ಬೆಕ್ಕು ಕಚ್ಚುವುದು ಬಿಡಲಿಲ್ಲ, ಮಗನನ್ನು ಕಂಡರೆ ಅಡಗಿ ಕೂತು ಹೊಂಚಿ ಕಚ್ಚಲು ಕಲಿಯಿತು. ಕಚ್ಚಿ ಹಿಡಿದಾಗ ಕೈ ಸರಕ್ಕನೆ ಎಳೆಯಲೂ ಬಾರದು. ಎಳೆದರೆ ಗಾಯ ಹರಿಯುತ್ತದೆ, ಓಡುವ ಇಲಿ ಎಂದು ಅದು ಇನ್ನೂ ಗಟ್ಟಿ ಹಿಡಿಯುತ್ತದೆ. ಕೈ ಸಡಿಲ ಬಿಟ್ಟು ಅಲುಗದೆ ನಿಂತರೆ, ತುಸು ಅದರ ಬಾಯಿಯ ಕಡೆಗೇ ಒತ್ತಿದರೆ, ಬಿಡುತ್ತದೆ. ಬಿಟ್ಟ ಕೂಡಲೇ ಮಾತಾಡದೆ ಎದ್ದು ಹೋಗಬೇಕು. ಆಟ ಅಲ್ಲಿಗೆ ಬಂದ್.

ಆಟ ಬೇಕೇ ಬೇಕು, ಕೈಯಲ್ಲಿ ಬೇಡ. ಮಡಲಿನ ಉದ್ದ ಕಡ್ಡಿಗೆ ಹಗ್ಗ, ಹಗ್ಗದ ತುದಿಗೆ ಅಡಿಕೆ ಸಿಪ್ಪೆಯ ಉಂಡೆ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನೆಲದಲ್ಲಿ ಎಳೆದು ಓಡಿಸಿ, ಹಿಡಿಯಲು ಬಿಟ್ಟು, ಕೂಡಲೇ ಊಟ ಹಾಕುವುದು. ಮನೆಯವರೆಲ್ಲ ಒಂದೇ ಕ್ರಮ ಮಾಡಬೇಕು. ಒಬ್ಬ ಕದ್ದು ಕಾಲಬೆರಳು ಆಡಿಸಿದರೂ ಉಳಿದವರ ಶ್ರಮ ನೀರಿಗೆ. ನಮ್ಮಲ್ಲಿ ಸರಿಯಾಗಲು ಎರಡು ತಿಂಗಳು ಹಿಡಿಯಿತು.

ಕುರು ವಾಸಿಯಾದ ಮೇಲೆ ಬೀಜ ತೆಗೆಸಿದೆವು, ರೇಬಿಸ್ ಲಸಿಕೆಯನ್ನೂ ಹಾಕಿಸಿದೆವು. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಬಹುದು, ಮತ್ತೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಹಲವು ಕಡೆ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ, ವಿಚಾರಿಸಿ. ಬೀಜ ತೆಗೆದರೆ ಇಲಿ ಹಿಡಿಯುವುದಿಲ್ಲ ಎಂದು ಆಚೆಮನೆಯವರು ಹೆದರಿಸಿದ್ದರು. ಹಾಗೇನಿಲ್ಲ. ಊರು ತಿರುಗುವುದು, ಗಂಡುಗಳ ಜತೆ ಜಗಳ ಕಡಿಮೆಯಾಯಿತು. ಅಟ್ಟದ ಅಡಿಕೆ ಗೋಣಿಯ ಹತ್ತಿರ ರಾತ್ರಿ ಕಾವಲು ಈಗಲೂ ಉಂಟು. ಬೆಕ್ಕಿಲ್ಲದ ವರ್ಷ ಇಲಿ ಪಾಷಾಣ ಇಟ್ಟು, ಮಕ್ಕಳು ಬಂದಾಗಲೆಲ್ಲ ಅಟ್ಟಕ್ಕೆ ಬೀಗ ಹಾಕಿ ಕೂತದ್ದು ನಮಗೆ ಮರೆತಿಲ್ಲ.

ಒಂದು ಮಾತು ಮಾತ್ರ ಬೇರೆಯೇ ಇಟ್ಟುಕೊಳ್ಳಿ. ಈ ಕಾರಣ ಹುಡುಕುವ ಸಮಾಧಾನವೆಲ್ಲ ತಿಂದುಂಡು ಆರೋಗ್ಯವಾಗಿರುವ ಬೆಕ್ಕಿಗೆ. ಸ್ವರ ಬದಲಾಗಿ, ಜೊಲ್ಲು ಸುರಿಸುತ್ತಾ, ನುಂಗಲಾಗದೆ, ತೂರಾಡುತ್ತಾ ಕಂಡವರ ಮೇಲೆ ಹಾರುವ ಬೆಕ್ಕನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ಬಾಗಿಲು ಹಾಕಿ ಪಶುವೈದ್ಯರಿಗೆ ತಿಳಿಸಿ. ಗುರುತಿಲ್ಲದ ಬೆಕ್ಕು ಕಚ್ಚಿ ಓಡಿಹೋದರೆ ಹತ್ತು ದಿನದ ಲೆಕ್ಕವಿಲ್ಲ, ಲಸಿಕೆ ಪೂರ್ತಿಯೇ.

ಪುಳ್ಳಿ ರಜೆಗೆ ಬಂದು ಹೋದಳು. ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು, ಎತ್ತಬಾರದು, ಕಡ್ಡಿ ಹಗ್ಗ ಮಾತ್ರ ಎಂದು ಅವಳಿಗೆ ಹೇಳಿದ್ದೆವು. ದೊಡ್ಡವರಿಗಿಂತ ಅವಳೇ ಚೆನ್ನಾಗಿ ಪಾಲಿಸಿದಳು. ಆ ಬೂದು ಬೆಕ್ಕು ಈಗ ಅಡಿಗೆಕೋಣೆಯ ಹಿಂದೆ ಬರಲು ಶುರು ಮಾಡಿದೆ. ಅದಕ್ಕೂ ಬೀಜ ತೆಗೆಸಬೇಕೆಂದರೆ ಕೈಗೆ ಸಿಗುವುದಿಲ್ಲ. ಇಂಥದ್ದನ್ನು ಪೆಟ್ಟಾಗದಂತೆ ಗೂಡಿನಲ್ಲಿ ಹಿಡಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ಬರೆಯಿರಿ. ಗೂಡಿನ ಅಳತೆ, ಒಳಗೆ ಏನು ಇಡುತ್ತೀರಿ ಎಂಬುದನ್ನೂ ತಿಳಿಸಿ.